ಕೊಳೆತ ಮೀನು ಮತ್ತು ಸ್ಟೋರ್ಸ್ ವಿನಾಯಕರು

ತೆಲುಗು ನಾಡಿನ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಇಪ್ಪತ್ತಮೂರು ವರ್ಷಗಳಿಂದ ಉಗ್ರಾಣ ನೋಡಿಕೊಳ್ಳುವ ವಿನಾಯಕರನ್ನು ಅಲ್ಲಿ ಯಾರೂ ಬರಿ ಹೆಸರಿನಿಂದ ಕರೆಯುವುದಿಲ್ಲ. ಎಲ್ಲರಿಗೂ ಅವರು ‘ಸ್ಟೋರ್ಸ್ ವಿನಾಯಕಗಾರು’. ಹುಟ್ಟೂರು ತಿಪಟೂರು, ಮನೆ ಗಾಜುವಾಕದಲ್ಲಿ, ಹೆಂಡತಿ ಮಾಧವೀಲತಾ ಭೀಮುನಿಪಟ್ಟಣದವರು. ಮೊದಲು ಬಂದ ಮಾಲು ಮೊದಲು ಹೋಗಬೇಕು, ಅವಧಿ ಮೀರಿದ್ದಕ್ಕೆ ಕೆಂಪು ಚೀಟಿ ಬೀಳಬೇಕು, ಕೆಟ್ಟದ್ದು ಒಳ್ಳೆಯದರ ಪಕ್ಕ ಒಂದು ದಿನವೂ ಇರಕೂಡದು. ವಿನಾಯಕರ ಪಾಲಿಗೆ ಇದೇ ವೇದ. ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಸಾರನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಾರೆ. ಮಾಧವೀಲತಾ ಎಷ್ಟೋ ಸಲ ಸಾರಿನ ಪಾತ್ರೆಯನ್ನು ಗಂಡನ ಕೈಯಿಂದ ಪಾರುಮಾಡಿದ್ದಾರೆ.

ಇಂಥವರ ಕೈಗೆ ಕಂಪ್ಯೂಟರ್ ಆಟವೊಂದು ಬಂದದ್ದು ಮಗಳಿಂದ. ಧನ್ಯಾ ಇಂಟರ್, ಅಂದರೆ ಪಿಯುಸಿ, ಓದಲು ವಿಜಯವಾಡದ ಹಾಸ್ಟೆಲ್ ಕಾಲೇಜಿಗೆ ಹೊರಟಾಗ ಆಟ ಅರ್ಧಕ್ಕೆ ನಿಂತಿತ್ತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಒಬ್ಬ ಪಯಣಿಗ. ಅವನ ಹೆಗಲಿಗೆ ಹನ್ನೆರಡು ಖಾನೆಗಳ ಚೀಲ. ದಾರಿಯಲ್ಲಿ ಸಿಕ್ಕಿದ್ದನ್ನು ಅದರಲ್ಲಿ ತುಂಬಿಕೊಂಡು ಬೇಕಾದಲ್ಲಿ ಬಳಸಬೇಕು. ಒಮ್ಮೆ ತಪ್ಪು ಹೆಜ್ಜೆ ಇಟ್ಟರೆ ಅದನ್ನು ಅಳಿಸಿ ತಿದ್ದಿಕೊಳ್ಳಲು ಆ ಆಟದಲ್ಲಿ ದಾರಿಯಿಲ್ಲ.

“ಅಪ್ಪಾ, ನಾನಿಲ್ದಾಗ ನೀನಾಡು. ಏನೇನಾಯ್ತು ಅಂತ ಸಂಡೇ ಫೋನಲ್ಲಿ ಹೇಳು. ಬ್ಯಾಗಲ್ಲಿರೋದು ಒಂದನ್ನೂ ಬಿಸಾಕ್ಬೇಡ, ಪ್ಲೀಸ್” ಎಂದಿದ್ದಳು ಧನ್ಯಾ.

ಭಾನುವಾರದ ಫೋನು ಹತ್ತೇ ನಿಮಿಷ. ಮೊದಮೊದಲು ವಿನಾಯಕರು “ಮಾರ್ಕ್ಸ್ ಎಷ್ಟು ಬಂತು?” ಎನ್ನುವರು. “ಪರ್ವಾಲೇದು”, ಪರವಾಗಿಲ್ಲ, ಎಂದು ಮಗಳು ತೆಲುಗಿನಲ್ಲಿ ಮುಗಿಸುವಳು. ಊಟ ಹೇಗಿದೆ? ಅದೂ ಪರ್ವಾಲೇದು. ಮೂರು ನಿಮಿಷಕ್ಕೆ ಅಪ್ಪನ ಮಾತು ತೀರಿಹೋಗುತ್ತಿತ್ತು. ಆಟ ಶುರುವಾದ ಮೇಲೆ ಎಲ್ಲ ಬದಲಾಯಿತು. “ಆ ಗುಹೇಲಿ ಏನಿತ್ತಪ್ಪಾ?” ಎಂದು ಅವಳು ತನ್ನ ಹರುಕುಮುರುಕು ಕನ್ನಡದಲ್ಲೇ ಬೆನ್ನು ಹತ್ತುವಳು. ಈ ಹತ್ತು ನಿಮಿಷಕ್ಕಾಗಿಯೇ ವಿನಾಯಕರು ವಾರವಿಡೀ ಕಾಯುತ್ತಿದ್ದರು. ಆಟ ಕೆಟ್ಟರೆ ಮತ್ತೆ ಪರ್ವಾಲೇದು ಕೇಳಿಕೊಂಡು ಕೂರಬೇಕಾದೀತು ಎಂಬ ಭಯ ಅವರಿಗಿತ್ತು.

ಸಂಜೆ ಕಂಪನಿ ಬಸ್ಸಿಳಿದು ಬಂದವರೇ ಕಾಫಿ ಹಿಡಿದು ಆಟಕ್ಕೆ ಕೂರುವರು. ಯಾವ ಖಾನೆಗೆ ಏನು, ಯಾವತ್ತು ಬಂತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವರು. ಐದನೆಯ ಖಾನೆಯಲ್ಲಿ ಒಂದು ಮೀನು. ಹಿಂದಿನ ದ್ವೀಪವೊಂದರ ದಡದ ಮುದುಕಿಯೊಬ್ಬಳಿಂದ ಧನ್ಯಾ ಇಸಕೊಂಡಿದ್ದು. ದಿನ ಕಳೆದಂತೆ ಅದು ಹಸಿರುಗಟ್ಟಿ, ಅದರ ಹೆಸರು ‘ಕೊಳೆತ ಮೀನು’ ಎಂದಾಯಿತು. ಪಕ್ಕದ ಖಾನೆಯಲ್ಲಿದ್ದದ್ದು ಜ್ವರದ ಮೂಲಿಕೆ! ಮಗಳ ಮಾತು ನೆನೆದು ಎರಡು ವಾರ ಹಲ್ಲು ಕಚ್ಚಿ ಸುಮ್ಮನಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಮಂಗಳವಾರ ಕಾರ್ಖಾನೆಗೆ ತಪಾಸಣೆಯವರು ಬಂದು ಇವರ ಉಗ್ರಾಣದ ಚೊಕ್ಕತನವನ್ನು ಬಾಯಿತುಂಬ ಹೊಗಳಿ ಹೋದರು. ಆ ಹುಮ್ಮಸ್ಸಿನಲ್ಲೇ ಮನೆಗೆ ಬಂದ ವಿನಾಯಕರು ಮೀನನ್ನು ತೆಗೆದು ಆಟದ ಸಮುದ್ರಕ್ಕೆ ಎಸೆದುಬಿಟ್ಟರು. ತಲೆಗೆ ನೀರು ಹಾಕಿಕೊಂಡಷ್ಟು ಹಾಯೆನಿಸಿತು.

ಅಪ್ಪ ಮಗಳು ಇಷ್ಟು ದಿನ ಹುಡುಕುತ್ತಿದ್ದ ದೀಪಸ್ತಂಭ ಶುಕ್ರವಾರ ಸಿಕ್ಕಿತು; ಅದನ್ನು ಹತ್ತಿದರಷ್ಟೇ ಮುಂದಿನ ದ್ವೀಪಕ್ಕೆ ದಾರಿ. ಮೆಟ್ಟಿಲಿಗೆ ಅಡ್ಡಲಾಗಿ ಒಂದು ರಣಹದ್ದು ಕೂತಿತ್ತು. ಕೊಳೆತದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟದ ಹಕ್ಕಿ ಎಂದು ಗೋಡೆಯ ಮೇಲೆ ಬರೆದಿತ್ತು. ರೊಟ್ಟಿ ಕೊಟ್ಟರು, ಜೇನು ಕೊಟ್ಟರು, ಹದ್ದು ಕುಕ್ಕಿ ಕುಕ್ಕಿ ಓಡಿಸಿತು. ಮೂರು ದ್ವೀಪ ಹಿಂದಕ್ಕೆ ಹೋಗಿ ಮುದುಕಿಯನ್ನು ಕೇಳಿದರೆ, ತನ್ನ ಬಲೆಗೆ ಬಿದ್ದದ್ದು ಅದೊಂದೇ ಮೀನು ಎಂದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಆ ಭಾನುವಾರ “ದೀಪಸ್ತಂಭ ಇನ್ನೂ ಹುಡುಕ್ತಾ ಇದ್ದೀನಿ ಕಣೇ” ಎಂದು ತೇಲಿಸಿದರು. ಆದರೆ ಸ್ಟಾಕ್ ಪುಸ್ತಕದಲ್ಲಿ ಒಂದು ಸುಳ್ಳು ಸಾಲನ್ನೂ ಬರೆಯದ ಮನುಷ್ಯನಿಗೆ ಮಗಳಿಗೆ ಹೇಳಿದ ಸುಳ್ಳು ಎಷ್ಟು ದಿನ ದಕ್ಕೀತು? ವಾರವೆಲ್ಲ ಕಂಪ್ಯೂಟರಿನ ಕಡೆ ತಲೆ ಹಾಕಲಿಲ್ಲ. ಊಟವೂ ಅಷ್ಟಕ್ಕಷ್ಟೆ.

ಮರುವಾರ ಫೋನು ಬಂದ ಕೂಡಲೇ ಹೇಳಿಬಿಟ್ಟರು. “ಧನ್ಯಾ, ಆ ಮೀನು ಬಿಸಾಕ್ಬಿಟ್ಟೆ ಕಣಮ್ಮಾ. ನಾರ್ತಾ ಇತ್ತು... ಅಂದ್ರೆ, ನಾರ್ತಾ ಇರ್ಬೇಕು ಅನ್ನಿಸ್ತು. ಇನ್ನು ಮುಂದಕ್ಕೆ ಹೋಗೋ ಹಾಗಿಲ್ಲ. ಹೋದ ವಾರ ಹೇಳಿದ್ದು ಸುಳ್ಳು.”

ಆ ಕಡೆ ಫೋನಿಗಾಗಿ ಸಾಲು ನಿಂತ ಹುಡುಗಿಯರ ಗದ್ದಲ ಕೇಳುತ್ತಿತ್ತು.

“ಹಾಗಾದ್ರೆ ಮೊದಲಿಂದ ಆಡ್ಬೇಕಾ?” ಎಂದಳು ಧನ್ಯಾ.

“ಹ್ಞೂಂ. ಮೊದಲಿಂದಾನೇ.”

“ಅಮ್ಮಯ್ಯ!” ಮಗಳು ನೆಮ್ಮದಿಯ ಉಸಿರು ಬಿಟ್ಟಳು. “ದೀಪಸ್ತಂಭ ಆದ್ಮೇಲೆ ಇರೋದು ಒಂದೇ ದ್ವೀಪ ಅಂತೆ ಅಪ್ಪಾ, ನನ್ನ ರೂಮ್‌ಮೇಟ್ ಹೇಳಿದ್ಲು. ದಸರಾ ಒಳಗೆ ಮುಗ್ದೋಗ್ತಿತ್ತು. ಆಮೇಲೆ ನೀನು ಮತ್ತೆ ಬರೀ ಮಾರ್ಕ್ಸ್ ಕೇಳ್ತೀಯ ಅಂತ ನಂಗೆ ಭಯ ಆಗಿತ್ತು.”

ಭಯ ತನಗೊಬ್ಬನಿಗೇ ಎಂದುಕೊಂಡಿದ್ದರು ವಿನಾಯಕರು.

“ನಿಧಾನಕ್ಕೆ ಆಡಪ್ಪಾ” ಎಂದಳು ಧನ್ಯಾ. “ವಾರಕ್ಕೆ ಒಂದೇ ವಸ್ತು ತಗೋ.”

ಇಪ್ಪತ್ತಮೂರು ವರ್ಷಗಳಲ್ಲಿ ಒಂದು ಕೆಲಸವನ್ನೂ ನಾಳೆಗೆಂದು ಬಿಡದ ವಿನಾಯಕರು, ಮಗಳು ಓದು ಮುಗಿಸಿ ಮನೆಗೆ ಬರುವವರೆಗೂ ಆಟ ಮುಗಿಯದಂತೆ ಆಡುತ್ತೇನೆಂದು ಮಾತು ಕೊಟ್ಟರು.