ಪ್ರಕಟಣೆಯ ಕೆಳಗಿನ ನಂಬರು

ರಾಣೆಬೆನ್ನೂರಿನ ಮುರುಗೆಪ್ಪನವರು ಬಟ್ಟೆಯ ಗಂಟು ಹೊತ್ತು ಮದ್ರಾಸಿಗೆ ಬಂದವರು. ಪುರಸೈವಾಕ್ಕಂನಲ್ಲಿ ಅವರು ಮಾರಿದ ಸೀರೆಯೊಂದು ಮದುವೆಯ ದಿನವೇ ಬಣ್ಣ ಬಿಟ್ಟಿತೆಂದು ಕೇಳಿ, ಅಂಗಡಿ ಮುಚ್ಚಿ, ಹೊಸ ಸೀರೆ ಹಿಡಿದು ತಾವೇ ಛತ್ರಕ್ಕೆ ಓಡಿದ್ದರು. ಅವರ ಹೆಂಡತಿ ಗಿರಿಜಾದೇವಿ ಹೊಲಿದ ಕೌದಿ ಹೊದೆಯದ ಮಗು ಆ ಓಣಿಯಲ್ಲಿರಲಿಲ್ಲ. ಅವರ ಮೊಮ್ಮಗಳು ಪೂರ್ಣಿಮಾ. ಅವರ ಅಂಗಡಿಯ ಮಗ್ಗುಲಲ್ಲೇ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ನಾನು ಅವಳನ್ನು ತೊಟ್ಟಿಲಿನಿಂದ ಬಲ್ಲೆ.

ಅಂಗಡಿ ಹೋಯಿತು, ಹಿರಿಯರೂ ಹೋದರು. ಪೂರ್ಣಿಮಾ ತಾಂಬರಂನಲ್ಲಿ ಒಂದು ಕೋಣೆ ಹಿಡಿದು ಸ್ಟಾರ್ಟಪ್ ಕಂಪನಿಗಳ ಪ್ರಚಾರದ ಕೆಲಸ ಮಾಡುತ್ತಾಳೆ. ಹೊಸ ಕಂಪನಿ ಎಂದರೆ ಈಗಷ್ಟೇ ಹುಟ್ಟಿದ ಕರು. ಅದು ಎದ್ದು ನಿಲ್ಲುವ ಮೊದಲೇ ಊರಿಗೆಲ್ಲ ಅದರ ಹಾಲಿನ ರುಚಿ ಹೇಳಬೇಕು. ಆ ಮಾತು ಬರೆಯುವವಳು ಇವಳು, ಆಡುವವರು ಮಾಲೀಕರು.

ಹಳೆಯ ಸೀರೆ ಪಡೆದು ಕೌದಿ ಹೊಲಿದುಕೊಡುವ ಕಂಪನಿಯೊಂದು ಬಂತು. ‘ನಿಮ್ಮ ಅಮ್ಮನ ಸೀರೆ, ನಮ್ಮ ಹೊಣೆ’ ಎಂದು ಬರೆದವಳು ಪೂರ್ಣಿಮಾ. ಪತ್ರಿಕೆಯ ಫೋಟೋಗೆ ಮೊದಲ ಸೀರೆಯಾಗಿ ಅಜ್ಜಿಯದನ್ನೇ ಕೊಟ್ಟಳು. ಪತ್ರಿಕೆಗಳಿಗೆ ಕಳಿಸಿದ ಪ್ರಕಟಣೆಯ ಕೆಳಗೆ, ಆ ಕಸುಬಿನ ವಾಡಿಕೆಯಂತೆ, ವಿಚಾರಣೆಗೆಂದು ತನ್ನ ನಂಬರು ಹಾಕಿದಳು. ಪತ್ರಿಕೆಗಳು ಅದನ್ನೂ ಅಚ್ಚು ಹಾಕಿದವು. ವರ್ಷ ತುಂಬುವಷ್ಟರಲ್ಲಿ ಕಂಪನಿ ಮುಚ್ಚಿತು. ಮಾಲೀಕರು ದಿಕ್ಕಾಪಾಲಾದರು, ಅವರ ಫೋನುಗಳು ಸತ್ತವು. ಇವಳದೊಂದೇ ಬದುಕಿತ್ತು.

ಈಗ ದಿನವಿಡೀ ಫೋನ್ ಬರುತ್ತದೆ. ‘ನಮ್ಮಮ್ಮನ ಸೀರೆ ಎಲ್ಲಿ?’ ಎಂಬುದೇ ಎಲ್ಲರ ಮಾತು; ನೀನು ಹೇಗಿದ್ದೀಯೆಂದು ಕೇಳುವ ದನಿ ಒಂದೂ ಇಲ್ಲ. ಪೊಂಗಲ್ ಹಬ್ಬದೊಳಗೆ ಒಯ್ಯದಿದ್ದರೆ ಎಲ್ಲವನ್ನೂ ಚಿಂದಿಯವನಿಗೆ ಹಾಕುತ್ತೇನೆಂದು, ಅಜ್ಜಿಯದೂ ಸೇರಿ ಕಂಪನಿ ಪಡೆದ ಸೀರೆಗಳೆಲ್ಲ ಬಿದ್ದಿರುವ ಗೋದಾಮಿನ ಯಜಮಾನ ಇವಳಿಗೆ ಕೀಲಿ ಕೊಟ್ಟಿದ್ದಾನೆ. ರಾಶಿಯಲ್ಲಿ ಹುಡುಕಿ, ಲೋಕಲ್ ಟ್ರೇನ್ ಹತ್ತಿ, ಮನೆಮನೆಗೆ ಮುಟ್ಟಿಸುತ್ತಾಳೆ. ಜನ ಸೀರೆ ಈಸಿಕೊಂಡು ಬಾಗಿಲು ಹಾಕುತ್ತಾರೆ.

ಮೊನ್ನೆ ಗೋದಾಮಿಗೆ ಹೋಗಿದ್ದೆ. ಧೂಳಿನಲ್ಲಿ ಒಬ್ಬಳೇ ಕೂತಿದ್ದಳು.

“ಅಜ್ಜಿ ಸೀರಿ ಸಿಕ್ತೇನವ್ವಾ?”

“ಇನ್ನೂ ಇಲ್ಲ ಕಾಕಾ.”

“ಆ ನಂಬರ್ ತಗದು ಒಗಿ. ಊರ ಉಸಾಬರಿ ನಿನಗ್ಯಾಕ? ಕಂಪನಿ ನಿಂದೇನು?”

“ಕಂಪನಿ ಅವರದು. ಮಾತು ನಂದು.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. “ಸೊಲ್ಲುಂಗಮ್ಮಾ”, ಹೇಳಿಯಮ್ಮಾ, ಎಂದು ತಮಿಳಿನಲ್ಲಿ ಎತ್ತಿ, ಯಾರದೋ ಸೀರೆಯ ಅಂಚಿನ ಬಣ್ಣ ಕೇಳಿಕೊಂಡಳು.

“ಹಂಗಾದ್ರ ಅಜ್ಜೀದು ನಾ ಹುಡುಕತೀನಿ. ಆ ಇಳಕಲ್ ಸೀರಿ ನನಗ ಗುರ್ತದ” ಎಂದು ಪಂಚೆ ಮೇಲೆತ್ತಿ ಕೂತೆ. ಅವಳು ಸೀರೆಗಳ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು.

“ಬ್ಯಾಡ ಕಾಕಾ. ಅದು ಕಡೀಗೆ ಸಿಗಲಿ. ಮೊದಲ ಸಿಕ್ರ ನಾ ಮತ್ತ ಫೋನ್ ಎತ್ತಂಗಿಲ್ಲ.”