ಸತ್ಕಾರದ ದಿನ ಮಾಸ್ತರರು ಕೇಳಿದ್ದು

ಬನಹಟ್ಟಿಯ ನಮ್ಮ ಗಣಿತದ ಮಾಸ್ತರರ ಬಲಗಿವಿಯ ಮೇಲೆ ಯಾವಾಗಲೂ ಒಂದು ಖಡುವಿನ, ಅಂದರೆ ಸೀಮೆಸುಣ್ಣದ, ತುಂಡು. ಬೋರ್ಡಿನ ಮೇಲೆ ಬರೆದು, ಅಲ್ಲಿ ಸಿಕ್ಕಿಸಿ ಮರೆತುಬಿಡುವರು. ಮದುವೆ ಊಟಕ್ಕೂ ಕಿವಿ ಬೆಳ್ಳಗೆ ಮಾಡಿಕೊಂಡೇ ಬರುವರು.

ಪಕ್ಕದ ಮನೆಯ ಪವರ್‌ಲೂಮಿನ ಗದ್ದಲದಲ್ಲೇ ಅವರ ಟ್ಯೂಷನ್. ಯಾರಾದರೂ ಕಿವಿ ಮುಚ್ಚಿಕೊಂಡರೆ, "ಪರೀಕ್ಷಾದಾಗ ನಿನ್ನ ಎದಿ ಇದಕ್ಕಿಂತ ಜೋರ ಬಡಕೋತೈತಿ, ಈಗ ರೂಢಿ ಮಾಡ್ಕೋ" ಅನ್ನುವರು. ದೇಶದಲ್ಲೇ ಹೆಸರಾದ ಕಾಲೇಜಿನಲ್ಲಿ ಓದಿದವರೆಂದು ಜಮಖಂಡಿ, ಮುಧೋಳದಿಂದಲೂ ಮಕ್ಕಳು ಬರುತ್ತಿದ್ದರು.

ನನ್ನ ಮಗಳಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಷ್ಟೇ ಕಠಿಣವಾದ, ಹೆಸರು ಸ್ವಲ್ಪ ಕಡಿಮೆ ಇದ್ದ ಇನ್ನೊಂದರಲ್ಲೂ ಸಿಕ್ಕಿತು. ನಾವು ಹೆಸರು ನೋಡಿಯೇ ತೀರ್ಮಾನಿಸಿದೆವು. ಓಣಿಯವರು ಬಸ್ ಸ್ಟ್ಯಾಂಡಿನ ಎದುರು ಅವಳ ಫ್ಲೆಕ್ಸ್ ಕಟ್ಟಿ, ಸತ್ಕಾರ ಇಟ್ಟು, ಮಾಸ್ತರರನ್ನು ಕರೆದರು.

ಶಾಲು ಹೊದ್ದ ಮಾಸ್ತರರು ಮೈಕ್ ಹಿಡಿದು ಕೇಳಿದರು: "ಎರಡೂ ಕಾಲೇಜಿನಾಗ ಸೇರಿದವರ ಪೈಕಿ ಎಷ್ಟು ಮಂದಿ ಡಿಗ್ರಿ ಮುಗಿಸ್ತಾರ? ಯಾರಾರ ಹೋಲಿಸಿ ನೋಡೀರೇನ್ರಿ?"

"ಸೀಟು ಸಿಗೂದ ದೊಡ್ಡದರಿ ಮಾಸ್ತರ, ಮುಗಿಸೂದೇನು!" ಎಂದು ನನ್ನ ಮೈದುನ ನಕ್ಕ.

"ಮಗ್ಗದ ಮ್ಯಾಲೆ ಎಷ್ಟು ನೂಲು ಏರಿಸಿದಿ ಅಂತ ಸಾವಕಾರ ಕೇಳ್ತಾನೇನೋ? ಸೀರಿ ಎಷ್ಟು ಇಳದ್ವು ಅಂತ ಕೇಳ್ತಾನ." ಜನ ನಕ್ಕರು. ಮಾಸ್ತರರು ನಗಲಿಲ್ಲ. "ನನ್ನೂ ಹಿಂಗ ಮೆರಸಿ ಕಳಿಸಿದ್ರು. ಮೂರನೇ ವರ್ಷಕ್ಕ ಬಿಟ್ಟು ಬಂದೇನಿ. ಹಿಂದ ಬಿದ್ದವರನ್ನ ಅಲ್ಲಿ ಯಾರೂ ಕೈ ಹಿಡದು ಎತ್ತಲಿಲ್ಲ. ನನಗ ಡಿಗ್ರಿ ಇಲ್ರಿ."

ನನ್ನ ಪಕ್ಕದಲ್ಲಿದ್ದ ಅವರ ಹೆಂಡತಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ಲಗ್ನದಾಗೂ ಯಾರೂ ಕೇಳಿದ್ದಿಲ್ರೀ. ಅಲ್ಲಿ ಓದ್ಯಾರ ಅಂದ್ರು, ಮುಗೀತು."

ಮರುದಿನ ಮಾಸ್ತರರು ನನ್ನ ಮಗಳನ್ನು ಕೂರಿಸಿಕೊಂಡು ಎರಡೂ ಕಾಲೇಜಿನ ಲೆಕ್ಕ ತೆಗೆದರು. ಹೆಸರು ಕಡಿಮೆ ಇದ್ದದ್ದರಲ್ಲೇ ಮುಗಿಸಿದವರು ಹೆಚ್ಚು. ಅವಳು ಅಲ್ಲಿಗೇ ಹೋದಳು. ಎರಡನೇ ವರ್ಷ ಫೇಲಾಗಿ, ನನಗೆ ಹೇಳದೆ ಮಾಸ್ತರರಿಗೆ ಫೋನ್ ಮಾಡಿದಳಂತೆ. ಅಲ್ಲಿಯ ಪ್ರೊಫೆಸರರು ಸಂಜೆ ಸಂಜೆ ಕೂರಿಸಿಕೊಂಡು ಕಲಿಸಿ ಅವಳನ್ನು ದಾಟಿಸಿದರು. ಇತ್ತ ಊರಲ್ಲಿ, ಡಿಗ್ರಿ ಇಲ್ಲದವರ ಕಡೆ ಏನು ಕಲಿಯುವುದೆಂದು ಎಷ್ಟೋ ಮಂದಿ ಮಕ್ಕಳನ್ನು ಟ್ಯೂಷನ್ನಿನಿಂದ ಬಿಡಿಸಿದ್ದರು.

ಮಗಳು ಡಿಗ್ರಿ ಮುಗಿಸಿದ ವರ್ಷವೇ ಮಾಸ್ತರರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವರನ್ನು ಕೇಳಿದ್ದೆ: "ಅಷ್ಟು ಮಂದಿ ಮುಂದ ಯಾಕ ಹೇಳಿದ್ರಿ? ಮನಿಗೆ ಬಂದು ಹೇಳಿದ್ರ ಆಗ್ತಿದ್ದಿಲ್ಲೇನ್ರಿ?"

"ಮನಿಗೆ ಬಂದಿದ್ರ, ಚಾ ಕುಡಿಸಿ ಕಳಿಸ್ತಿದ್ರಿ ಅಕ್ಕಾರ."

ಖರೆ. ಹಾಗೇ ಮಾಡುತ್ತಿದ್ದೆ.