ಸೆಪ್ಟೆಂಬರ್ ಹದಿನೇಳರ ಮೇಲೆ ನನ್ನ ಹೊಟ್ಟೆಕಿಚ್ಚು

ಬೇರೆಯವರ ಸೀರೆ, ಸರ, ಹೊಸದಾಗಿ ಎದ್ದ ಮಾಳಿಗೆ ನೋಡಿ ಹೊಟ್ಟೆ ಉರಿಸಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಆ ಕಾಯಿಲೆ ನನಗಿಲ್ಲ. ನನ್ನದು ಸ್ವಲ್ಪ ಬೇರೆ ಥರದ್ದು. ನಾನು ತಾರೀಖುಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ಪತ್ರಿಕೆ ಬಂದ ಕೂಡಲೇ ನಮ್ಮ ಮನೆಯವರು ಪೇಟೆಯ ದರ ನೋಡುತ್ತಾರೆ, ನಾನು ‘ಇತಿಹಾಸದಲ್ಲಿ ಈ ದಿನ’ ನೋಡುತ್ತೇನೆ. ಯಾರೋ ಹುಟ್ಟಿದ್ದು, ಯಾರೋ ಪಟ್ಟಕ್ಕೇರಿದ್ದು, ಯಾರೋ ಸಮುದ್ರ ದಾಟಿದ್ದು, ನೂರಾರು ವರ್ಷಗಳ ಅಂತರದಲ್ಲಿ ನಡೆದದ್ದೆಲ್ಲ ಒಂದೇ ತಾರೀಖಿನ ಚಾಪೆಯ ಮೇಲೆ ಒತ್ತೊತ್ತಾಗಿ ಕುಳಿತಿರುತ್ತದೆ. ಒಬ್ಬರಿಗೊಬ್ಬರು ಪರಿಚಯವೂ ಇಲ್ಲದವರು, ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕವರ ಹಾಗೆ. ಇದು ಹುಚ್ಚಾಗಿ ಬೆಳೆದದ್ದು ನನ್ನದೇ ಹುಟ್ಟಿದ ದಿನವನ್ನು ಹುಡುಕಲು ಹೊರಟಾಗ.

ನಾನು ಹುಟ್ಟಿದ್ದು ಜುಲೈ ಇಪ್ಪತ್ತೆಂಟಕ್ಕೆ. ಆ ದಿನ ಏನಾಗಿದೆ ಅಂತೀರಿ? ಮೊದಲನೇ ಮಹಾಯುದ್ಧ ಶುರುವಾಗಿದೆ. ಫ್ರಾನ್ಸಿನ ಕ್ರಾಂತಿಯಲ್ಲಿ ಊರೆಲ್ಲರ ತಲೆ ಕಡಿಸಿದ ನಾಯಕನೊಬ್ಬನ ತಲೆಯನ್ನೇ ಕಡಿದಿದ್ದಾರೆ. ಚೀನಾದಲ್ಲಿ ಊರಿಗೆ ಊರೇ ನೆಲಸಮವಾಗುವ ಭೂಕಂಪವಾಗಿದೆ. ಒಂದಾದರೂ ಒಳ್ಳೆಯ ಸುದ್ದಿ ಸಿಕ್ಕೀತೆಂದು ಮೊಬೈಲಿನಲ್ಲಿ ಎಷ್ಟು ಕೆಳಗೆ ಇಳಿದರೂ ಬೆರಳು ನೋಯಿತೇ ಹೊರತು ಸಮಾಧಾನವಾಗಲಿಲ್ಲ. ಮನೆಯವರಿಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, “ನೀ ಹುಟ್ಟಿದ ದಿನಾನ ಮಹಾಯುದ್ಧ ಚಾಲೂ ಆಗೇತಿ ಅಂತ ಲಗ್ನಕ್ಕಿಂತ ಮೊದ್ಲ ನಿಮ್ಮಪ್ಪ ಹೇಳಬೇಕಿತ್ತ ನೋಡು” ಎಂದರು.

ಇದು ಮನೆಯ ಮಾತಾಯಿತು. ಶಾಲೆಯದು ಇನ್ನೂ ಕಷ್ಟ. ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ವಾರ್ತೆ ಓದಿ, ಆಮೇಲೆ ಇತಿಹಾಸದಲ್ಲಿ ಈ ದಿನ ಓದಿ, ಕೊನೆಗೆ ಅಂದು ಹುಟ್ಟಿದವರ ಹೆಸರು ಹೇಳಿ ಚಪ್ಪಾಳೆ ಹೊಡೆಯುತ್ತಾರೆ. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿ ಒಂದೇ ಉಸಿರಿನಲ್ಲಿ, “ಇದೇ ದಿನ ಮೊದಲನೇ ಮಹಾಯುದ್ಧ ಆರಂಭವಾಗಿ ಲಕ್ಷಾಂತರ ಜನ ಸತ್ತರು. ಇದೇ ದಿನ ನಮ್ಮ ಗಿರಿಜಾ ಟೀಚರ್ ಹುಟ್ಟಿದರು” ಎಂದು ಓದಿಬಿಟ್ಟಳು. ಮಕ್ಕಳು ಚಪ್ಪಾಳೆ ಹೊಡೆದರು. ಯಾವುದಕ್ಕೆ ಹೊಡೆದರೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಅಂದು ಎಲ್ಲರಿಗಿಂತ ಹೆಚ್ಚು ನಕ್ಕವಳು ಶಾಹಿನ್. ಶಾಹಿನ್ ನಮ್ಮಲ್ಲೇ ಸಮಾಜ ವಿಜ್ಞಾನ ಕಲಿಸುತ್ತಾಳೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ, ಡಬ್ಬಿಯಲ್ಲಿ ನನ್ನ ಅರ್ಧ ರೊಟ್ಟಿ ಅವಳದು, ಅವಳ ಅರ್ಧ ಚಪಾತಿ ನನ್ನದು. ನನಗಿಂತ ತುಸು ಚಿಕ್ಕವಳು, ಅಕ್ಕಾ ಎನ್ನುತ್ತಾಳೆ. ಆಕೆ ಹುಟ್ಟಿದ್ದು ಸೆಪ್ಟೆಂಬರ್ ಹದಿನೇಳಕ್ಕೆ.

ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಡ. ದೂರದ ಓದುಗರಿಗಾಗಿ ಹೇಳುತ್ತೇನೆ: ದೇಶಕ್ಕೆಲ್ಲ ಆಗಸ್ಟ್ ಹದಿನೈದಕ್ಕೆ ಸ್ವಾತಂತ್ರ್ಯ ಬಂದಾಗ ನಮಗೆ ಬರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಆಗ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ಮರುವರ್ಷ ಭಾರತದ ಸೇನೆ ಬಂದು, ನಿಜಾಮರು ಶರಣಾದದ್ದು ಸೆಪ್ಟೆಂಬರ್ ಹದಿನೇಳಕ್ಕೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಸಾದಾ ದಿನವಾಗಿತ್ತು. ಶಾಹಿನ್ ಒಂದು ಪುಡಿಕೆ ಪೇಢೆ ತಂದು ಹಂಚಿದರೆ ಮುಗಿಯಿತು. ಆಮೇಲೆ ಸರ್ಕಾರ ಆ ದಿನ ಧ್ವಜ ಹಾರಿಸಬೇಕೆಂದಿತು. ನನ್ನ ಕಣ್ಣೆದುರಿಗೇ ಅವಳ ತಾರೀಖಿಗೆ ಬಡ್ತಿ ಸಿಕ್ಕಿತು! ಈಗ ಅಂದು ಬಾವುಟ, ಬ್ಯಾಂಡು, ಲಾಡು, ಭಾಷಣ. ಅಂದೇ ಹುಟ್ಟಿದ ದೊಡ್ಡವರ ವಿಷಯ ನಾನು ಹೇಳಬೇಕಿಲ್ಲ, ಪತ್ರಿಕೆಯ ಪೂರ್ತಿ ಪುಟದ ಜಾಹೀರಾತುಗಳು ಹೇಳುತ್ತವೆ. ಶಾಹಿನ್ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬಂದು, “ನೋಡ್ರಿ ಅಕ್ಕಾ, ಇಡೀ ಜಿಲ್ಲಾನ ನನ್ನ ಬರ್ತಡೇ ಮಾಡಾಕ ಹತ್ತೇತಿ” ಎಂದು ಕಣ್ಣು ಮಿಟುಕಿಸುತ್ತಾಳೆ. ನಾನು ನಗುತ್ತೇನೆ. ನಗುವಾಗ ಹಲ್ಲು ಕಚ್ಚಿಕೊಂಡಿರುವುದು ಹೊರಗೆ ಕಾಣಿಸುವುದಿಲ್ಲ.

ಇನ್ನೊಂದು ಮಾತಿದೆ, ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದಿದ್ದೆ. ರಂಜಾನಿಗೆ, ಬಕ್ರೀದಿಗೆ, ಅವಳ ತಮ್ಮನ ಮದುವೆಗೆ, ಎಲ್ಲದಕ್ಕೂ ಅವಳ ಮನೆಯಲ್ಲಿ ಉಂಡಿದ್ದೇನೆ. ಹುಟ್ಟಿದ ದಿನಕ್ಕೆ ಮಾತ್ರ ಒಮ್ಮೆಯೂ ಕರೆದಿಲ್ಲ. ಧ್ವಜ ಇಳಿಯುವ ಮೊದಲೇ ಅರ್ಧ ದಿನದ ರಜೆ ಬರೆದಿಟ್ಟು ಮನೆಗೆ ಓಡುತ್ತಾಳೆ. ಬೇರೆ ಯಾರೋ ನನಗಿಂತ ಹತ್ತಿರದವರು ಅಲ್ಲಿ ಸೇರುತ್ತಾರೆ, ದೊಡ್ಡ ಊಟ ನಡೆಯುತ್ತದೆ, ನನ್ನನ್ನು ಬಿಟ್ಟಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಪಂಕ್ತಿ ಹಾಕಿ, ಬಡಿಸಿ, ಎಲೆ ಎತ್ತಿಯೂ ಆಗಿತ್ತು.

ಈ ವರ್ಷ ಹೆಡ್‌ಮಾಸ್ತರರು, “ಟೀಚರ್, ಈ ಸಲ ಭಾಷಣ ನೀವ ಮಾಡ್ರಿ” ಎಂದರು. ಹೊಟ್ಟೆಕಿಚ್ಚಿನವರ ಕೈಗೆ ಮೈಕು ಕೊಡಬಾರದು. ಹುಟ್ಟುಹಬ್ಬದವರ ಹೆಸರು ಓದುವ ಹುಡುಗನನ್ನು ಕರೆದು, “ಇವತ್ತ ಟೈಮ್ ಇಲ್ಲಪ್ಪಾ, ಹೆಸರು ಓದೂದು ಬ್ಯಾಡ” ಎಂದೆ. ಭಾಷಣದಲ್ಲಿ ಆ ದಿನದ ಗರ್ವ ಇಳಿಸಲೆಂದು ಇನ್ನೇನೇನು ನಡೆದಿದೆಯೋ ಎಲ್ಲವನ್ನೂ ತುಂಬಿದೆ. ಅಮೆರಿಕದವರು ತಮ್ಮ ಸಂವಿಧಾನಕ್ಕೆ ಸಹಿ ಹಾಕಿದ್ದು ಇದೇ ದಿನ, ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಸೇನೆ ಪೋಲೆಂಡಿಗೆ ನುಗ್ಗಿದ್ದು ಇದೇ ದಿನ. ಕೊನೆಗೆ ನಮ್ಮ ತಳಕಲ್ಲಿನ ಅಜ್ಜನ ಕಥೆಯನ್ನೂ ಹೇಳಿದೆ. ನಿಜಾಮರ ಪರ ಊರೂರು ಸುತ್ತಿ ಹೊಡೆಯುತ್ತಿದ್ದ ರಜಾಕಾರರಿಗೆ ಹೆದರಿ ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಗಡಿ ದಾಟಿ ಗದಗಿನ ಕಡೆ ಹೋಗಿದ್ದವನು, ನಿಜಾಮರು ಶರಣಾದರೆಂಬ ಸುದ್ದಿ ಕೇಳಿದ್ದೇ ತಡ ಗಾಡಿ ಕಟ್ಟಿ ಮನೆಗೆ ಬಂದು ಓಣಿಗೆಲ್ಲ ಬೆಲ್ಲ ಹಂಚಿದ್ದ. ಮಕ್ಕಳು ಚಪ್ಪಾಳೆ ಹೊಡೆದರು. ಶಾಹಿನ್ ಕೂಡ ಹೊಡೆದಳು. ಹೆಸರು ಓದಲಿಲ್ಲವೆಂಬ ಬೇಸರ ಅವಳ ಮುಖದಲ್ಲಿ ಕಾಣುತ್ತದೇನೋ ಎಂದು ಹುಡುಕಿದೆ. ಇರಲಿಲ್ಲ. ಎಂದಿನಂತೆ ಬ್ಯಾಗು ಹೆಗಲಿಗೆ ಹಾಕಿ, “ಛಲೋ ಮಾತಾಡಿದ್ರಿ ಅಕ್ಕಾ” ಎಂದು ಹೊರಟುಹೋದಳು.

ಅದೇ ನನ್ನನ್ನು ಕೆಣಕಿತು. ಮಧ್ಯಾಹ್ನ ಬೇಕರಿಯಲ್ಲಿ ಒಂದು ಕೇಕು ಕಟ್ಟಿಸಿಕೊಂಡು, ಅಕ್ಕಿ ಗಿರಣಿಗಳ ಹಿಂದಿನ ಅವಳ ಓಣಿಗೆ ಕರೆಯದೇ ಹೋದೆ. ಶುಭ ಕೋರಲು ಎಂದು ನೆಪ. ನಿಜವಾಗಿ ಯಾರ್‍ಯಾರು ಕೂತು ಉಣ್ಣುತ್ತಿದ್ದಾರೆಂದು ನೋಡಲು.

ಯಾರೂ ಉಣ್ಣುತ್ತಿರಲಿಲ್ಲ. ಬಾಗಿಲು ತೆಗೆದ ಶಾಹಿನ್ ನನ್ನನ್ನೂ ಕೇಕನ್ನೂ ನೋಡಿ ಒಂದು ಗಳಿಗೆ ದಾರಿ ಬಿಡಲಿಲ್ಲ. ಒಳಗೆ ಪಡಸಾಲೆಯಲ್ಲಿ ಅವಳ ನಾನಿ, ಅಂದರೆ ತಾಯಿಯ ತಾಯಿ, ಗೋಡೆಗೆ ಒರಗಿ ಕುಳಿತಿದ್ದರು. ತೊಂಬತ್ತರ ಹತ್ತಿರದ ಮುದುಕಿ, ಆದರೆ ಕಣ್ಣು ಚುರುಕು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ, ವಾಸನೆಯಿಲ್ಲ.

“ಕುಂದರ್ರಿ ಅಕ್ಕಾ. ಚಹಾ ಮಾಡಾಕ ಆಗಂಗಿಲ್ಲ” ಎಂದಳು ಶಾಹಿನ್. “ಇವತ್ತ ಹೊತ್ತು ಇಳಿಯೂ ಮಟ ನಮ್ಮ ಮನ್ಯಾಗ ಗ್ಯಾಸ್ ಹಚ್ಚಂಗಿಲ್ಲ.”

“ಯಾಕ?” ಎಂದೆ. ಅವಳು ನಾನಿಯ ಕಡೆ ನೋಡಿದಳು.

“ಹೇಳು, ಏನಾಗಂಗಿಲ್ಲ” ಎಂದು ನಾನಿಯೇ ಶುರುಮಾಡಿದರು. “ನಮ್ಮಣ್ಣ ಒಬ್ಬಾಂವ ಇದ್ದ ಯವ್ವಾ. ನಾ ಇಷ್ಟಾಕಿ ಇದ್ದೆ. ಅಂವ ದೂರದ ಊರಾಗ ಬಟ್ಟಿ ಅಂಗಡ್ಯಾಗ ಕೆಲಸಕ್ಕಿದ್ದ. ಗದ್ದಲ ಹತ್ತಿತು. ಇತ್ತಾಗಿನ ರಜಾಕಾರರು ಅತ್ತಾಗಿನವರನ್ನ ಹೊಡದ್ರು, ಆಮ್ಯಾಲ ಅತ್ತಾಗಿನವರು ಸಿಕ್ಕ ಸಿಕ್ಕವರನ್ನ ಹೊಡದ್ರು. ನಿಜಾಮ ಸೋತ ಅಂತ ಸುದ್ದಿ ಬಂದ ದಿನ ನಮ್ಮಮ್ಮ, ‘ಗದ್ದಲ ಮುಗೀತು, ಇವತ್ತ ಬರ್ತಾನ’ ಅಂತ ಒಲಿ ಹಚ್ಚಿ ಅವಗ ಸೇರೂದೆಲ್ಲಾ ಮಾಡಿ ಇಟ್ಲು. ಬರಲಿಲ್ಲ. ಆ ಅಡಿಗಿ ಯಾರೂ ಉಣಲಿಲ್ಲ. ಅವತ್ತಿನಿಂದ ನಮ್ಮಮ್ಮ ಆ ತಾರೀಖಿಗೆ ಒಲಿ ಹಚ್ಚಲಿಲ್ಲ.”

ನನ್ನ ಕೈಯಲ್ಲಿ ಕೇಕಿನ ಡಬ್ಬಿ. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಾನಿ ಶಾಹಿನಳ ಕಡೆ ಗದ್ದ ತೋರಿಸಿ ಮುಂದುವರಿಸಿದರು. “ಮತ್ತ ಈಕಿ! ಬ್ಯಾರೆ ದಿನ ಸಿಗಲಿಲ್ಲ ಈಕಿಗೆ. ಅದ ದಿನ ಮುಂಜಾನಿ ನನ್ನ ಮಗಳಿಗೆ ಬ್ಯಾನಿ ಚಾಲೂ ಆತು. ಸೂಲಗಿತ್ತಿ ಬಂದು ಬಿಸಿನೀರು ತರ್ರಿ ಅಂದ್ಲು. ಮನ್ಯಾಗ ಒಲಿ ತಣ್ಣಗ. ನಾವೆಲ್ಲಾ ಅಮ್ಮನ ಮಾರಿ ನೋಡಿದ್ವಿ. ಆಕಿ ತಣ್ಣಗಿನ ಒಲಿ ಕಡೆ ಒಮ್ಮೆ ನೋಡಿದ್ಲು. ಆಮ್ಯಾಲ ತಾನ ಎದ್ದು ಹೋಗಿ ಒಲಿ ಹಚ್ಚಿದ್ಲು. ಈಕಿ ಹುಟ್ಟಿದ ಮ್ಯಾಲ ಅದ ಬೆಂಕಿಮ್ಯಾಗ ಶ್ಯಾವಿಗಿ ಸುರಕುಂಬಾ ಮಾಡಿ ಓಣಿಗೆಲ್ಲಾ ಕೊಟ್ಲು. ಅವತ್ತಿನಿಂದ ಅರ್ಧ ದಿನ ಅಣ್ಣಂದು, ಅರ್ಧ ದಿನ ಈಕಿದು.”

“ನನಗ್ಯಾಕ ಹೇಳಲಿಲ್ಲ ನೀ?” ಎಂದು ಶಾಹಿನಳನ್ನು ಕೇಳಿದೆ. ಕೇಳುವಾಗಲೂ ದನಿಯಲ್ಲಿ ಹಳೆಯ ಮುನಿಸೇ ಇತ್ತು.

“ಏನಂತ ಕರೀಲಿ ಅಕ್ಕಾ? ನಮ್ಮ ಮನ್ಯಾಗ ಉಪವಾಸ ಐತಿ, ಉಣ್ಣಾಕ ಬರ್ರಿ ಅನ್ಲ್ಯಾ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅಲ್ಲಿ ಸಾಲ್ಯಾಗ ಎಲ್ಲಾರೂ ಖುಷಿಲೆ ಇರ್ತಾರ. ನಾನೂ ಖುಷಿಲೇನ ಝಂಡಾಕ್ಕ ಕೈ ಮುಗಿತೇನಿ, ಅದೇನು ಸುಳ್ಳಲ್ಲ. ಇದೂ ಸುಳ್ಳಲ್ಲ. ಎರಡೂ ಒಂದ ದಿನ ಬಂದಾವು, ನಾ ಏನ್ ಮಾಡ್ಲಿ?” ಎಂದಳು.

ನನ್ನ ಅಜ್ಜ ಊರಿಗೆ ಮರಳಿದ ಕಥೆಯನ್ನು ಅಂದು ಬೆಳಿಗ್ಗೆ ಮೈಕಿನಲ್ಲಿ ಕೂಗಿ ಹೇಳಿದ್ದೆ. ಈಗ ಅದನ್ನೇ ಮೆಲ್ಲಗೆ, ತಡವರಿಸುತ್ತ ನಾನಿಗೆ ಹೇಳಿದೆ. ಯಾಕೆ ಹೇಳಿದೆನೋ, ಮುಚ್ಚಿಟ್ಟರೆ ಮೋಸವಾದೀತೆಂದು ಇರಬೇಕು. ಗಾಡಿ, ಗದಗು, ಬೆಲ್ಲ ಎಲ್ಲವನ್ನೂ ನಾನಿ ಕಿವಿಗೊಟ್ಟು ಕೇಳಿದರು. ಅಜ್ಜ ಮನೆಯ ಬೀಗ ತೆಗೆದನೆಂಬಲ್ಲಿಗೆ ಬಂದಾಗ ಅವರ ಮುಖದ ಸುಕ್ಕುಗಳು ಸಡಿಲಾದವು.

“ಬಂದ್ರಲ್ಲ ನಿಮ್ಮಜ್ಜ? ಛಲೋ ಆತು. ಅವತ್ತ ಯಾರೋ ಒಬ್ಬರರ ಮನಿ ಮುಟ್ಯಾರಲ್ಲ ಯವ್ವಾ” ಎಂದರು.

ನಾನು ಬಹಳ ಭಾಷಣ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಆ ತಾರೀಖಿನ ಬಗ್ಗೆ ಇಷ್ಟು ಚಿಕ್ಕ ಮಾತನ್ನು ಯಾರೂ ಆಡಿದ್ದಿಲ್ಲ. ಕಣ್ಣು ಒದ್ದೆಯಾದದ್ದನ್ನು ಮುಚ್ಚಲು ಕೇಕಿನ ದಾರ ಬಿಚ್ಚತೊಡಗಿದೆ. ಅದರ ಗಂಟು ಬೇಗ ಬಿಚ್ಚಿಕೊಳ್ಳದಿದ್ದುದೇ ಒಳ್ಳೆಯದಾಯಿತು.

ಹೊತ್ತು ಇಳಿಯಿತು. ನಾನಿ ನಮಾಜು ಮುಗಿಸಿ, “ಹಚ್ಚು” ಎಂದರು. ಶಾಹಿನ್ ಒಳಗೆ ಹೋಗಿ ಗ್ಯಾಸು ಹಚ್ಚಿದಳು. ಶಾವಿಗೆ ಹುರಿಯುವ ತುಪ್ಪದ ವಾಸನೆ, ಹಾಲು ಉಕ್ಕುವ ಸದ್ದು. ಇಷ್ಟು ಹೊತ್ತು ಉಸಿರು ಬಿಗಿ ಹಿಡಿದಿದ್ದ ಮನೆ ಮಾತಿಗೆ ಶುರುಮಾಡಿತು. ಇಷ್ಟಾದ ಮೇಲೆ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಆ ದಿನಕ್ಕೆ ಸಿಕ್ಕ ಮಾನಕ್ಕಾಗಿ ಉರಿಯುತ್ತಿದ್ದವಳು, ಅದೇ ದಿನದ ನೋವಿನಲ್ಲಿ ನನಗೇನೂ ಪಾಲಿಲ್ಲವಲ್ಲ ಎಂದು ಈಗ ನಾಚಿಕೊಂಡೆ. ಆದರೂ ಶಾಹಿನ್ ಒಲೆಯ ಹತ್ತಿರ ಬಂದ ನಾನಿಯ ಭುಜಕ್ಕೆ ಗದ್ದ ಊರಿ ನಿಂತದ್ದನ್ನು ನೋಡಿದಾಗ, ಈ ವಯಸ್ಸಿನಲ್ಲಿ ಇವಳಿಗೆ ಇನ್ನೂ ಅಜ್ಜಿ ಇದ್ದಾಳಲ್ಲ ಎಂದು ಎದೆಯೊಳಗೆ ಚುಳ್ಳೆಂದಿತು.

ಸುರಕುಂಬಾ ಆಯಿತು. ಶಾವಿಗೆಯ ಮೇಲೆ ಉತ್ತತ್ತಿ, ಗೋಡಂಬಿ ತೇಲುತ್ತಿದ್ದವು. ನಾನಿ ತಾವೇ ಸೌಟು ಹಿಡಿದು ಮೊದಲ ಬಟ್ಟಲು ತುಂಬಿದರು. ಹುಟ್ಟಿದ ದಿನದವಳು ಕೈ ಚಾಚಿದಳು. ಬಟ್ಟಲು ಆ ಕೈಯನ್ನು ದಾಟಿ ನನ್ನ ಕಡೆ ಬಂತು.

“ನಾನಿ! ಬರ್ತಡೇ ನಂದು! ಯಾವ ವರ್ಷನೂ ಮೊದಲನೇ ಬಟ್ಲಾ ಬ್ಯಾರೆಯವರಿಗೆ ಕೊಟ್ಟಿಲ್ಲ ನೀನು!” ಎಂದು ಶಾಹಿನ್ ಕೂಗಿದಳು.

“ಮನಿಗೆ ಬಂದವರಿಗೆ ಮೊದ್ಲು” ಎಂದರು ನಾನಿ.

ಶಾಹಿನ್ ತುಟಿ ಉಬ್ಬಿಸಿ ನನ್ನ ಬಟ್ಟಲನ್ನು ನೋಡಿದಳು, ಅದರಲ್ಲಿದ್ದ ಗೋಡಂಬಿಗಳನ್ನು ಕಣ್ಣಲ್ಲೇ ಎಣಿಸಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ನಾನೇ ಅದನ್ನು ಸಾಕಿದ್ದೇನೆ. ಹೊರಗಿನಿಂದ ನೋಡಿದರೆ ಅದು ಇಷ್ಟು ಮುದ್ದಾಗಿರುತ್ತದೆಂದು ಮಾತ್ರ ತಿಳಿದಿರಲಿಲ್ಲ. ನಾನು ಅವಸರ ಮಾಡದೆ, ಚಮಚದಿಂದ ಚಮಚಕ್ಕೆ ಅವಳ ಮುಖ ನೋಡುತ್ತ, ಪೂರ್ತಿ ಉಂಡೆ.